ಬಿಸ್ಕತ್ತಿನ ಡಬ್ಬಿಯ ಪ್ರಶಸ್ತಿಗಳು

ಜನವರಿ ೬, ಸೋಮವಾರ
ಅಡುಗೆಮನೆಯ ಮೇಜು, ಮಧ್ಯಾಹ್ನ

ಗಿಣಿ,

ನಿನ್ನ ಗಂಟಲಿನ ಡಾಕ್ಟರು ಆರು ವಾರ ಬಾಯಿ ತೆರೆಯಬಾರದು ಎಂದಿದ್ದಾರೆ. ಫೋನಿನಲ್ಲಿ ನಾನೊಬ್ಬಳೇ ಮಾತಾಡುತ್ತ ಕೂತರೆ ಗೋಡೆಯ ಮುಂದೆ ಸಾಕ್ಷಿ ಹೇಳಿದ ಹಾಗಿರುತ್ತದೆ. ಮೊಬೈಲಿನಲ್ಲಿ ಬೆರಳು ಒತ್ತಿ ಬರೆಯುವುದು ನನ್ನಿಂದಾಗದು. ಕೆಲಸವಿದ್ದಷ್ಟು ಕಾಲ ನ್ಯಾಯಾಲಯದಲ್ಲಿ ಸ್ಟೆನೋ ಆಗಿದ್ದವಳ ಕೈಗೆ ಪೆನ್ನೇ ಬೇಕು. ಆದ್ದರಿಂದ ಪತ್ರ. ನೀನೂ ಪತ್ರವನ್ನೇ ಬರೆ.

ಕೇಳಬೇಕಾದ್ದನ್ನು ಮೊದಲು ಕೇಳಿಬಿಡುತ್ತೇನೆ. ನೀನು ದನಿ ಕೊಡುವುದು ಸೋಪಿನ ಪುಡಿಗೆ, ಬ್ಯಾಂಕಿಗೆ, ಮಕ್ಕಳ ಟೂತ್‌ಪೇಸ್ಟಿಗೆ. ಅರ್ಧ ನಿಮಿಷದ ಮಾತು. ಅದರಲ್ಲಿ ಗಂಟಲು ಕೆಡುವಷ್ಟು ಕೂಗುವುದು ಏನಿರುತ್ತದೆ? ಯಾವ ಸೋಪಿನವನು ನಿನ್ನನ್ನು ಹಾಗೆ ಕಿರುಚಿಸಿದ?

ನೀನು ಉತ್ತರ ಯೋಚಿಸುವಷ್ಟರಲ್ಲಿ ಇಲ್ಲಿಯ ಸುದ್ದಿ ಹೇಳುತ್ತೇನೆ. ಈ ವರ್ಷದ ಚಿತ್ರ ಪ್ರಶಸ್ತಿಯ ಪ್ರಕಟಣೆ ಪತ್ರಿಕೆಯಲ್ಲಿ ಬಂದಿದೆ. ಸ್ಪರ್ಧೆಯಲ್ಲಿರುವ ಚಿತ್ರಗಳ ಪಟ್ಟಿಯೂ ಇದೆ. ಬಿಸ್ಕತ್ತಿನ ಡಬ್ಬಿಯನ್ನು ಅಟ್ಟದಿಂದ ಇಳಿಸಿ ಒರೆಸಿದ್ದೇನೆ. ಎಂದಿನಂತೆ ಮೂವರೇ ಇದ್ದೇವೆ: ನಾನು, ಎದುರು ಮನೆಯ ಲೆಕ್ಕದ ಮೇಡಂ, ಮೇಲಿನ ಮನೆಯ ಹಲ್ಲಿನ ಡಾಕ್ಟರು. ಫೆಬ್ರವರಿ ಕೊನೆಯೊಳಗೆ ಯಾವ ಪ್ರಶಸ್ತಿ ಯಾರಿಗೆ ಎಂದು ಊಹಿಸಿ ಚೀಟಿ ಬರೆದು ಡಬ್ಬಿಗೆ ಹಾಕಬೇಕು. ಏಪ್ರಿಲಿನಲ್ಲಿ ಸಮಾರಂಭ ಮುಗಿದ ಮೇಲೆ ಬಿಚ್ಚುವುದು. ಸೋತವರು ವರ್ಷವಿಡೀ ಮೆಟ್ಟಿಲ ಬಲ್ಬು ಬದಲಿಸಬೇಕು. ಮೂರು ವರ್ಷದಿಂದ ಡಾಕ್ಟರೇ ಬದಲಿಸುತ್ತಿದ್ದಾರೆ. ಏಣಿಯನ್ನು ಈಗ ಅವರ ಮನೆಯಲ್ಲೇ ಇಟ್ಟುಕೊಂಡಿದ್ದಾರೆ.

ಅವರಿಗೆ ಎಷ್ಟು ಹೇಳಿದರೂ ಹಲ್ಲು ನೋಡಿ ನಟಿಯನ್ನು ಆರಿಸುವುದು ತಪ್ಪಲಿಲ್ಲ. ಮೇಡಂ ಇನ್ನೊಂದು ತರ. ಎರಡು ವರ್ಷ ಅಳುವ ಪಾತ್ರಕ್ಕೆ ಬಂದರೆ ಮೂರನೆಯ ವರ್ಷ ನಗುವ ಪಾತ್ರಕ್ಕೆ ಬರಲೇಬೇಕು ಎಂದು ಸರಾಸರಿ ತೆಗೆಯುತ್ತಾರೆ. ಚಿತ್ರ ನೋಡುವುದು ಅವರಿಗೆ ತಾಳೆ ನೋಡುವ ಕೆಲಸ ಮಾತ್ರ. ನಾನು ಹೇಗೆ ಊಹಿಸುತ್ತೇನೆ ಎಂಬುದು ನಿನಗೆ ಗೊತ್ತು. ಮೂರನೆಯ ಸಾಲಿನಲ್ಲಿ ಕೂತು ತುಟಿ ನೋಡುತ್ತೇನೆ. ಸುಳ್ಳು ಹೇಳುವ ತುಟಿ ಮಾತು ಮುಗಿದ ಮೇಲೂ ಒಂದಿಷ್ಟು ಅಲ್ಲಾಡುತ್ತದೆ. ನಟನೆ ಚೆನ್ನಾಗಿದ್ದರೆ ಅಲ್ಲಾಡುವುದಿಲ್ಲ.

ಈ ಸಲ ನೀನೂ ಅಲ್ಲಿಂದಲೇ ಚೀಟಿ ಕಳಿಸು. ಹೇಗಿದ್ದರೂ ಸುಮ್ಮನೆ ಕೂತಿದ್ದೀಯ. ಬಿಸಿನೀರು ಕುಡಿ.

ಗೋಡೆಗೆ ಸಾಕ್ಷಿ ಹೇಳದಿರಲು ನಿರ್ಧರಿಸಿದ,
ಅಮ್ಮ


ಜನವರಿ ೧೫
ಕಿಟಕಿಯ ಪಕ್ಕ

ಅಮ್ಮ,

ಸುಮ್ಮನಿರುವುದು ನಾನು ಅಂದುಕೊಂಡಷ್ಟು ಸುಲಭವಲ್ಲ. ಸ್ಲೇಟು ಕೊಂಡಿದ್ದೇನೆ. ಅಂಗಡಿಯವನಿಗೆ "ಅರ್ಧ ಕಿಲೋ ಸಕ್ಕರೆ" ಎಂದು ಬರೆದು ತೋರಿಸಿದರೆ ಅವನೂ ಬಾಯಿ ಮುಚ್ಚಿಕೊಂಡು ಬೆರಳಿನಲ್ಲಿ ಬೆಲೆ ತೋರಿಸುತ್ತಾನೆ. ನನಗೆ ಕಿವಿ ಕೇಳಿಸುತ್ತದೆ ಎಂದು ಬರೆದು ತೋರಿಸಿದೆ. ಅದಕ್ಕೂ ತಲೆ ಆಡಿಸಿ ಬೆರಳನ್ನೇ ತೋರಿಸಿದ. ಬಸ್ಸಿನಲ್ಲಿ ಒಬ್ಬ ಹೆಂಗಸು ನನ್ನ ಸ್ಲೇಟು ಇಸಿದುಕೊಂಡು ತನ್ನ ಅತ್ತೆಯ ಬಗ್ಗೆ ಎರಡೂ ಬದಿ ತುಂಬ ಬರೆದಳು.

ಗಂಟಲಿನ ಬಗ್ಗೆ ಹೇಳುವಂಥದ್ದೇನಿಲ್ಲ. ಜಾಹೀರಾತು ಅಷ್ಟೇ. ಒಂದೇ ಸಾಲನ್ನು ಮತ್ತೆ ಮತ್ತೆ ಹೇಳಿಸುತ್ತಾರೆ.

ನನ್ನ ಊಹೆ ಕೆಳಗಿದೆ. ಒಳ್ಳೆಯ ಚಿತ್ರ: ಕುದುರೆಯದ್ದು. ನಟ: ಮೂವರು ಅಣ್ಣತಮ್ಮಂದಿರಲ್ಲಿ ನಡುವಿನವನು. ಸಂಗೀತ: ಅದೇ ಕುದುರೆ. ಸಂಕಲನ: ಗೊತ್ತಿಲ್ಲ, ಮೇಡಂ ಹೇಳಿದ್ದು ನಂದೂ ಅನ್ನು. ನಟಿಯ ಜಾಗ ಖಾಲಿ ಬಿಟ್ಟಿದ್ದೇನೆ. ಯಾರೂ ಹೊಳೆಯಲಿಲ್ಲ.

ಸದ್ದಿಲ್ಲದ,
ಗಿಣಿ


ಜನವರಿ ೨೨, ಬುಧವಾರ

ಗಿಣಿ,

ಯಾರೂ ಹೊಳೆಯಲಿಲ್ಲವೇ? ಹಾಗಾದರೆ ನೀನು ಕಳೆದುಹೋದ ಸಾಮಾನಿನ ಚಿತ್ರ ನೋಡಿಲ್ಲ. ಡಿಸೆಂಬರಿನಿಂದ ಓಡುತ್ತಿದೆ, ನಿನ್ನ ಊರಿನಲ್ಲೂ ಇರಬೇಕು. ಇವತ್ತೇ ಹೋಗಿ ನೋಡು. ಸಿನಿಮಾ ನೋಡಲು ದನಿ ಬೇಕಿಲ್ಲವಲ್ಲ.

ಕತೆ ಇಷ್ಟೇ. ರೈಲ್ವೆ ಸ್ಟೇಷನ್ನಿನಲ್ಲಿ ಪ್ರಯಾಣಿಕರು ಬಿಟ್ಟುಹೋದ ಸಾಮಾನು ಇಡುವ ಕೋಣೆ. ಅದರ ಕೌಂಟರಿನಲ್ಲಿ ಒಬ್ಬ ಹೆಂಗಸು. ಯಾರೇ ಬಂದು ನನ್ನ ಛತ್ರಿ, ನನ್ನ ಚೀಲ ಎಂದರೂ ಅವಳು ಒಂದೇ ಮಾತು ಕೇಳುತ್ತಾಳೆ, "ಗುರುತು ಹೇಳಿ." ಬೆಳಗಿನಿಂದ ಸಂಜೆಯವರೆಗೆ ಅದೇ. ಒಂದು ದಿನ ಟೋಕನ್ ನಂಬರು ಕೂಗುತ್ತ ಕಪಾಟು ಜೋಡಿಸುವಾಗ ಒಂದು ಹಳೆಯ ಸೂಟ್‌ಕೇಸು ಸಿಗುತ್ತದೆ. ಅವಳನ್ನು ಬಿಟ್ಟುಹೋದ ಗಂಡನದ್ದು. ಕೌಂಟರಿನ ಆ ಬದಿಯಲ್ಲಿ ಯಾರೂ ಇಲ್ಲ. ಆಗ ಅವಳು ತನಗೆ ತಾನೇ "ಗುರುತು ಹೇಳಿ" ಎನ್ನುತ್ತಾಳೆ.

ಗಿಣಿ, ಅದನ್ನು ಹೇಗೆ ಹೇಳಿದಳು ಎಂದು ನಾನು ಬರೆದು ತೋರಿಸಲಾರೆ. ಜೋರಾಗಿ ಅಲ್ಲ, ಅಳುತ್ತಲೂ ಅಲ್ಲ. ಇಡೀ ದಿನ ಬೇರೆಯವರಿಗೆ ಹೇಳಿ ಹೇಳಿ ಸವೆದ ಮಾತನ್ನು ಅದೇ ಸವೆದ ದನಿಯಲ್ಲೇ ಹೇಳಿದಳು. ಅಷ್ಟೆ. ಕೊನೆಯಲ್ಲಿ ಹೊರಟ ರೈಲಿನ ಹಿಂದೆ ಓಡುತ್ತ ಕೂಗುತ್ತಾಳಲ್ಲ, ಅಲ್ಲಿ ನನ್ನ ಪಕ್ಕದವನು ಪಾಪ್‌ಕಾರ್ನಿನ ಪೊಟ್ಟಣವನ್ನು ಕಾಲ ಕೆಳಗೆ ಇಟ್ಟುಬಿಟ್ಟ.

ಹೊಸ ಹುಡುಗಿಯಂತೆ. ಇದು ಎರಡನೆಯ ಚಿತ್ರ. ಪ್ರಕಟಣೆಯ ನಿಯಮಗಳನ್ನು ಪೂರ್ತಿ ಓದಿದ್ದೇನೆ (ಡಾಕ್ಟರು ಓದುವುದಿಲ್ಲ, ಅದಕ್ಕೇ ಬಲ್ಬು). ನಟನೆಯ ಪ್ರಶಸ್ತಿಗೆ ಕಲಾವಿದರು ತಮ್ಮ ಸ್ವಂತ ದನಿಯಲ್ಲೇ ಮಾತಾಡಿರಬೇಕು, ಬೇರೆಯವರಿಂದ ದನಿ ಕೊಡಿಸಿದ್ದರೆ ಪರಿಗಣಿಸುವುದಿಲ್ಲ ಎಂದು ಆರನೆಯ ನಿಯಮ ಹೇಳುತ್ತದೆ. ಈ ಹುಡುಗಿಗೆ ಆ ಭಯವಿಲ್ಲ. ಬೇರೆಯವರ ದನಿಯಾಗಿದ್ದರೆ ತುಟಿಯಲ್ಲಿ ಗೊತ್ತಾಗುತ್ತಿತ್ತು. ನನ್ನ ಕಣ್ಣು ತಪ್ಪಿಸಿ ಯಾರೂ ತುಟಿ ಅಲ್ಲಾಡಿಸಲಾರರು.

ತಡೆಯಲಾಗಲಿಲ್ಲ, ಅವಳಿಗೆ ಒಂದು ಪತ್ರ ಬರೆದು ಪತ್ರಿಕೆಯವರ ವಿಳಾಸಕ್ಕೆ ಹಾಕಿದ್ದೇನೆ. ಇಷ್ಟು ವಯಸ್ಸಿಗೆ ಮೊದಲ ಅಭಿಮಾನಿ ಪತ್ರ. ನಗಬೇಡ. ನಗುವುದೂ ಗಂಟಲಿಗೆ ಆಗದು ಎಂದಿದ್ದಾರಲ್ಲ ನಿನ್ನ ಡಾಕ್ಟರು?

ನಟಿಯ ಜಾಗಕ್ಕೆ ಅವಳನ್ನೇ ಬರೆಯುತ್ತಿದ್ದೇನೆ. ನಿನ್ನ ಚೀಟಿಯಲ್ಲೂ ತುಂಬಿಬಿಡಲೇ? ನೀನು ದನಿಯ ಕೆಲಸದವಳು. ಅವಳ ದನಿ ಕೇಳಿ ನಿನಗೇನನ್ನಿಸುತ್ತದೆ ಎಂದು ತಿಳಿಯುವ ಕುತೂಹಲ ನನಗೆ.

ಪ್ರೀತಿಯಿಂದ, ಪೆನ್ನಿನ ಶಾಯಿ ಮುಗಿದದ್ದರಿಂದ,
ಅಮ್ಮ


ಫೆಬ್ರವರಿ ೧
(ಇದನ್ನು ಅಂಚೆಗೆ ಹಾಕಲಿಲ್ಲ)

ಅಮ್ಮ,

ಅದು ನಾನು.

ಈ ಎರಡು ಪದ ಬರೆದಾಯಿತು. ಈಗ ಮುಂದೆ ಬರೆಯುವುದು ಸುಲಭ.

ಕೌಂಟರಿನಲ್ಲಿ ಕೂತವಳು ಆ ಹುಡುಗಿ. ಮಾತಾಡಿದ್ದು ನಾನು. ಚಿತ್ರೀಕರಣವೆಲ್ಲ ನಿಜವಾದ ಸ್ಟೇಷನ್ನಿನಲ್ಲಿ ನಡೆದದ್ದರಿಂದ ರೈಲಿನ ಗಲಾಟೆಯಲ್ಲಿ ಯಾರ ಮಾತೂ ಸರಿಯಾಗಿ ಸಿಕ್ಕಿರಲಿಲ್ಲ. ಎಲ್ಲರೂ ಸ್ಟುಡಿಯೊಗೆ ಬಂದು ತಮ್ಮ ತಮ್ಮ ಮಾತು ಮತ್ತೆ ಹೇಳಿದರು. ಆ ಹುಡುಗಿಯ ದನಿ ತೆಳು. ಚಿತ್ರದ ಹೆಂಗಸಿಗೆ ಅವಳಿಗಿಂತ ಹತ್ತು ವರ್ಷ ಹೆಚ್ಚು. ನಿರ್ದೇಶಕರಿಗೆ ಒಪ್ಪಿಗೆಯಾಗಲಿಲ್ಲ, ನನ್ನನ್ನು ಕರೆಸಿದರು. ನವೆಂಬರ್ ಪೂರ್ತಿ ಅದೇ ಕೆಲಸ. ರೈಲಿನ ಹಿಂದೆ ಕೂಗುವ ಜಾಗವನ್ನು ಎರಡು ದಿನ ತೆಗೆದರು. ಎರಡನೆಯ ದಿನ ಸಂಜೆಗೆ ನನ್ನ ಗಂಟಲು ಹೋಯಿತು. ಅವರು ಇಟ್ಟುಕೊಂಡದ್ದು ಆ ಕೊನೆಯ ಸಲದ ಕೂಗನ್ನೇ.

ಸ್ಟುಡಿಯೊದ ಮ್ಯಾನೇಜರು, "ಹೆಸರು ಹಾಕೋಕಾಗಲ್ಲಮ್ಮ, ಹೊರಗೆ ಹೇಳ್ಬೇಡಿ, ಮನೆಯೋರ ಹಾಗಿದೀರಿ," ಎಂದರು. ನಾನು ತಲೆ ಆಡಿಸಿದೆ. ಆಗ ಪ್ರಶಸ್ತಿಯ ಮಾತೇ ಇರಲಿಲ್ಲ. ಈಗ ನಿರ್ಮಾಪಕರು ಅವಳ ಹೆಸರನ್ನು ಕಳಿಸಿದ್ದಾರೆ, ಸ್ವಂತ ದನಿ ಎಂದು.

ನಾನು ಬಾಯಿ ಬಿಟ್ಟರೆ ನಿನ್ನ ಆರನೆಯ ನಿಯಮದ ಪ್ರಕಾರ ಅವಳು ಸ್ಪರ್ಧೆಯಿಂದ ಹೊರಗೆ. ಅವಳು ಚೆನ್ನಾಗಿ ಮಾಡಿದ್ದಾಳೆ, ಅಮ್ಮ. ಆ ಕೈ, ಆ ಕಣ್ಣು ಅವಳವೇ. ಮತ್ತೆ ನನ್ನನ್ನು ಇಲ್ಲಿ ಯಾವ ಸ್ಟುಡಿಯೊ ಕರೆಯುತ್ತದೆ? ಬಾಯಿ ಬಿಡದಿದ್ದರೆ, ನಾನು ಇಲ್ಲಿಯವರೆಗೆ ಮಾಡಿದ ಒಂದೇ ಒಳ್ಳೆಯ ಕೆಲಸ ನನ್ನದಲ್ಲ. ಸೋಪಿನ ಪುಡಿ ಮಾತ್ರ ನನ್ನದು.

ನಿನಗೆ ಹೇಳಿದರೆ ಡಬ್ಬಿಯಿರುವ ಮನೆಗೆ ಹೇಳಿದ ಹಾಗೆ. ಮೇಡಂಗೂ ಡಾಕ್ಟರಿಗೂ ಗೊತ್ತಾಗುತ್ತದೆ. ಆದರೆ ನಿಜವಾಗಿ ತಡೆಯುತ್ತಿರುವುದು ಅದಲ್ಲ. ನೀನು ಮೂರನೆಯ ಸಾಲಿನಲ್ಲಿ ಕೂತು ಕೇಳಿದೆ. ನಿನಗೆ ನಾನು ಎಂದು ಗೊತ್ತಾಗಲಿಲ್ಲ.


ಫೆಬ್ರವರಿ ೧
(ಇದನ್ನು ಹಾಕಿದ್ದು)

ಅಮ್ಮ,

ಚಿತ್ರ ನೋಡಿದೆ. ಚೆನ್ನಾಗಿದೆ. ನನ್ನ ಚೀಟಿಯಲ್ಲಿ ನಟಿಯ ಜಾಗ ಖಾಲಿಯೇ ಇರಲಿ. ಡಾಕ್ಟರ ಜೊತೆ ನಾನೂ ಏಣಿ ಹಿಡಿಯುತ್ತೇನೆ.

ಗಿಣಿ


ಫೆಬ್ರವರಿ ೮

ಅಕ್ಕ,

ನಾವು ಭೇಟಿಯಾದದ್ದು ಒಂದೇ ಸಲ, ಸ್ಟುಡಿಯೊದ ಮೆಟ್ಟಿಲಿನಲ್ಲಿ. ನಾನು ಇಳಿಯುತ್ತಿದ್ದೆ, ನೀವು ಹತ್ತುತ್ತಿದ್ದಿರಿ. ಯಾರು ಎಂದು ಯಾರೂ ಹೇಳಲಿಲ್ಲ, ಆದರೂ ಇಬ್ಬರಿಗೂ ಗೊತ್ತಾಯಿತು. ನಿಮ್ಮ ವಿಳಾಸವನ್ನು ಮೈಕಿನ ಹುಡುಗನಿಂದ ತೆಗೆದುಕೊಂಡೆ.

ಇದರ ಜೊತೆಗಿರುವ ಪತ್ರ ನನ್ನ ಹೆಸರಿಗೆ ಬಂದಿದೆ. ಬರೆದವರು ಯಾರೋ ನಿವೃತ್ತ ಸ್ಟೆನೋ, ದೊಡ್ಡವರು. ನಾಲ್ಕು ಪುಟ ಬರೆದಿದ್ದಾರೆ. ಓದಿ ಖುಷಿಯಾಯಿತು, ಆಮೇಲೆ ನೋಡಿದರೆ ನಾಲ್ಕೂ ಪುಟ ದನಿಯ ಬಗ್ಗೆಯೇ. ನನ್ನ ಕೈಯ ಬಗ್ಗೆ ಒಂದು ಸಾಲು ಇದೆ, ಅದನ್ನು ನಾನಿಟ್ಟುಕೊಳ್ಳುತ್ತೇನೆ. ಉಳಿದದ್ದು ನಿಮ್ಮದು. ಇಟ್ಟುಕೊಂಡರೆ ಬೇರೆಯವರ ಛತ್ರಿ ಹಿಡಿದು ಮನೆಗೆ ಹೋದ ಹಾಗಾಗುತ್ತದೆ.

ಅರ್ಜಿಯಲ್ಲಿ "ಸ್ವಂತ ದನಿ" ಎಂಬಲ್ಲಿ ಗುರುತು ಹಾಕಿದ್ದು ನಾನಲ್ಲ. ಹಾಕಿದ ಮೇಲೆ ನನಗೆ ತೋರಿಸಿದರು. ಆಗ ಸುಮ್ಮನಿದ್ದೆ. ಈಗಲೂ ಸುಮ್ಮನಿದ್ದೇನೆ. ಇದು ಗೆದ್ದರೆ ಮುಂದಿನ ಚಿತ್ರದಲ್ಲಿ ನನ್ನ ದನಿಯನ್ನೇ ಇಡಿ ಎಂದು ಕೇಳಬಹುದು ಎಂದುಕೊಂಡಿದ್ದೇನೆ. ತಮಾಷೆ ಅನ್ನಿಸುತ್ತದೆ ಅಲ್ಲವೇ?

ಒಮ್ಮೆ ಮನೆಗೆ ಬನ್ನಿ. ಬೆಳಿಗ್ಗೆ ಹೊತ್ತು ಇರುತ್ತೇನೆ.

ನಿಮ್ಮ ಕೌಂಟರಿನವಳ ಇನ್ನರ್ಧ


ಫೆಬ್ರವರಿ ೧೬, ಭಾನುವಾರ
ಅಡುಗೆಮನೆಯ ಮೇಜು

ಗಿಣಿ,

ಈ ಪತ್ರವನ್ನು ನಿಧಾನವಾಗಿ ಓದು. ನಾನೂ ನಿಧಾನವಾಗಿಯೇ ಬರೆಯುತ್ತೇನೆ.

ಲೆಕ್ಕದ ಮೇಡಂಗೆ ಹೋದ ವಾರ ಕಣ್ಣಿನ ಪೊರೆ ತೆಗೆದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಮೊದಲಿನಿಂದಲೂ ಮಂಜು. ಮನೆಯಲ್ಲಿರಿ ಎಂದರೆ ಕೇಳುವ ಪೈಕಿಯಲ್ಲ. ಡಬ್ಬಿ ಮುಚ್ಚುವುದರೊಳಗೆ ಕಳೆದುಹೋದ ಸಾಮಾನಿನ ಚಿತ್ರ ಮುಗಿಸಲೇಬೇಕೆಂದು ಹಟ ಹಿಡಿದರು. ಒಂದು ಕೈ ನಾನು ಹಿಡಿದುಕೊಂಡೆ, ಇನ್ನೊಂದು ಕೈ ಡಾಕ್ಟರು. ಮಧ್ಯಾಹ್ನದ ಆಟಕ್ಕೆ ಹೋದೆವು. ಚಿತ್ರವಿಡೀ ಅವರು ಕರಿಕನ್ನಡಕ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ನಿದ್ದೆ ಮಾಡಿದ್ದಾರೆಂದೇ ನಾನು ತಿಳಿದದ್ದು.

ಹೊರಗೆ ಬಂದ ಮೇಲೆ ಡಾಕ್ಟರು ಕೇಳಿದರು, "ಹೇಗಿತ್ತು ಮೇಡಂ, ಕತ್ತಲೆ ಸಿನಿಮಾ?"

"ತುಂಬ ಚೆನ್ನಾಗಿತ್ತು. ಆದ್ರೆ ಕೋರ್ಟಮ್ಮ, ನೀವು ಹೀಗೆ ಮಾಡಬಾರದಿತ್ತು. ಮನೆ ಹುಡುಗಿ ಮಾಡಿದಾಳೆ, ಒಂದು ಮಾತು ಹೇಳ್ಬಾರ್ದಾ?"

"ಯಾವ ಮನೆ ಹುಡುಗಿ?"

"ಇದೇನು ಕೇಳ್ತೀರಿ? ನಿಮ್ಮ ಮಗಳು. ಗಿಣಿ."

ಡಾಕ್ಟರು ಬಿದ್ದು ಬಿದ್ದು ನಕ್ಕರು. "ಮೇಡಂ, ಪಟ್ಟಿ ಬಿಚ್ಚಿದ್ಮೇಲೆ ಇನ್ನೊಂದ್ಸಲ ನೋಡಿ. ಆ ನಟಿಗೆ ಮೇಲಿನ ಸಾಲಲ್ಲಿ ಒಂದು ಹಲ್ಲು ಓರೆ. ಗಿಣಿ ಹಲ್ಲು ನಾನೇ ಕಿತ್ತಿರೋದು, ನಂಗೊತ್ತಿಲ್ವಾ?"

"ಹಲ್ಲು ನೀವೇ ಇಟ್ಕೊಳ್ಳಿ ಡಾಕ್ಟ್ರೇ. ಟೋಕನ್ ನಂಬರು ಕೂಗ್ತಾ ಹೋಗ್ತಾಳಲ್ಲ, ಹದಿನಾರು ಆದ್ಮೇಲೆ ನಿಂತ್ಲು. ಎಂಜಲು ನುಂಗಿದ್ಲು. ಆಮೇಲೆ ಹದಿನೇಳು ಅಂದ್ಲು. ಆ ಹುಡುಗಿಗೆ ದಿನಾ ಸಾಯಂಕಾಲ ಮಗ್ಗಿ ಹೇಳಿಸಿದ್ದು ನಾನು. ಹದಿನೇಳರ ಮಗ್ಗಿ ಅಂದ್ರೆ ಅವಳಿಗೆ ಹೊಳೆ ದಾಟೋ ಹಾಗೆ. ಮುಂಚೆ ಒಂದ್ಸಲ ನಿಂತ್ಕೊಂಡೇ ದಾಟೋದು."

ಡಾಕ್ಟರು ನನ್ನ ಮುಖ ನೋಡಿದರು. ಅವರ ನಗು ನಿಂತಿತು. ಮೇಡಂ ಕೈ ಹಿಡಿದುಕೊಂಡೇ ಮನೆ ತಲುಪಿದೆವು. ಮೆಟ್ಟಿಲ ಬಳಿ ಡಾಕ್ಟರು, "ನಾನು ಯಾರಿಗೂ ಹೇಳಲ್ಲಮ್ಮ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮೇಲೆ ಹೋದರು.

ಮರುದಿನ ಒಬ್ಬಳೇ ಹೋದೆ. ಕೊನೆಯ ಸಾಲಿನಲ್ಲಿ ಕೂತೆ. ಹೆಸರುಗಳು ಬರುವಾಗಲೇ ಕಣ್ಣು ಮುಚ್ಚಿಕೊಂಡೆ. ಮೊದಲ ಮಾತಿಗೇ ನೀನು ಬಂದೆ.

ಹೇಗೆ ತಪ್ಪಿತು ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ನ್ಯಾಯಾಲಯದಲ್ಲಿ ಸಾಕ್ಷಿಗಳು ಅಳುತ್ತಾರೆ, ಗದರುತ್ತಾರೆ, ನಡುಗುತ್ತಾರೆ. ಆ ದನಿಗೆ ಕಿವಿ ಕೊಟ್ಟರೆ ಕೈ ನಿಲ್ಲುತ್ತದೆ, ಸಾಲು ತಪ್ಪುತ್ತದೆ. ಹಾಗಾಗಿ ದನಿಯನ್ನು ಬಾಗಿಲ ಹೊರಗೆ ನಿಲ್ಲಿಸಿ ಪದವನ್ನು ಮಾತ್ರ ಒಳಗೆ ಬಿಡುವುದನ್ನು ಕಲಿತೆ. ಕಣ್ಣು ತುಟಿಯ ಮೇಲೆ, ಕೈ ಕಾಗದದ ಮೇಲೆ. ಸಿನಿಮಾ ಹಾಲಿನಲ್ಲೂ ಅದೇ ಅಭ್ಯಾಸ. ಬೇರೆ ಯಾವ ತಾಯಿಯಾಗಿದ್ದರೂ ಗುರುತು ಹಿಡಿಯುತ್ತಿದ್ದಳು. ಅಭ್ಯಾಸವನ್ನೂ ದಾಟಿ ಆ ದನಿ ನನ್ನನ್ನು ಹಿಡಿದದ್ದು ಹೇಗೆ ಎಂಬುದು ನನಗೆ ಇನ್ನೂ ತಿಳಿದಿಲ್ಲ. ನಾಲ್ಕು ಪುಟ ಬರೆಸಿತಲ್ಲ.

ಈಗ ಪ್ರಶ್ನೆಗಳು. ಬೈಯುತ್ತಿಲ್ಲ, ತಿಳಿದುಕೊಳ್ಳಬೇಕಾಗಿದೆ. ತುಟಿ ಒಂದು ಎಳೆಯೂ ತಪ್ಪಲಿಲ್ಲ, ಅದನ್ನು ಹೇಗೆ ಮಾಡಿದೆ? ನಿನ್ನ ದನಿಗೆ ಅಷ್ಟು ವಯಸ್ಸು ಎಲ್ಲಿಂದ ತಂದೆ? ಗಂಟಲು ಹೋದದ್ದು ರೈಲಿನ ಹಿಂದೆಯೇ? ನನಗೆ ಏಕೆ ಹೇಳಲಿಲ್ಲ ಎಂದು ಕೇಳುವುದಿಲ್ಲ. ಅದು ಗೊತ್ತಾಯಿತು ಎಂದುಕೊಂಡಿದ್ದೇನೆ.

ಪ್ರಕಟಣೆಯನ್ನು ಮತ್ತೆ ಓದಿದೆ. "ಕಂಠದಾನ" ಎಂದು ಒಂದು ಪ್ರಶಸ್ತಿಯಿದೆ. ನಾವು ಮೂವರೂ ಪ್ರತಿ ವರ್ಷ ಅದನ್ನು ಬಿಟ್ಟೇ ಬರೆಯುತ್ತೇವೆ. ಮುಖವಿಲ್ಲದ ಪ್ರಶಸ್ತಿಗೆ ಏನೆಂದು ಊಹಿಸುವುದು ಎಂದು ಡಾಕ್ಟರ ವಾದ. ಆ ಪ್ರಶಸ್ತಿಗೆ ನಿರ್ಮಾಪಕರೇ ಕಳಿಸಬೇಕೆಂದಿಲ್ಲ, ಕಲಾವಿದರೇ ತಮ್ಮ ಹೆಸರನ್ನು ಕಳಿಸಬಹುದು. ಫೆಬ್ರವರಿ ೨೮ರೊಳಗೆ ತಲುಪಬೇಕು. ಇದನ್ನು ನಿನಗೆ ತಿಳಿಸುತ್ತಿದ್ದೇನೆ, ಅಷ್ಟೇ. ಕಳಿಸಿದರೆ ಆ ಹುಡುಗಿಗೆ ಏನಾಗುತ್ತದೆ ಎಂಬುದೂ ನನಗೆ ಗೊತ್ತು, ನಿನ್ನ ಕೆಲಸಕ್ಕೆ ಏನಾಗಬಹುದು ಎಂಬುದೂ ಗೊತ್ತು. ತೀರ್ಪು ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು, ಕೊಡುವುದಲ್ಲ.

ನನ್ನ ಹಳೆಯ ಚೀಟಿ ಹರಿದುಹಾಕಿದೆ. ಹೊಸದರಲ್ಲಿ ಪ್ರಶಸ್ತಿಯ ಹೆಸರೇ ಇಲ್ಲ. ನೀನು ಏನು ಮಾಡುತ್ತೀಯ ಎಂದು ಊಹಿಸಿ ಒಂದು ಸಾಲು ಬರೆದು, ನಾಲ್ಕಾಗಿ ಮಡಚಿ ಡಬ್ಬಿಗೆ ಹಾಕಿದ್ದೇನೆ. ಮೇಡಂ ಏನೆಂದು ಕೇಳಿದರು, ಹೇಳಲಿಲ್ಲ. ನಿನಗೂ ಹೇಳುವುದಿಲ್ಲ. ತಪ್ಪಾದರೆ ವರ್ಷವಿಡೀ ನಾನೇ ಬಲ್ಬು ಬದಲಿಸುತ್ತೇನೆ. ಏಣಿಯ ಮೇಲೆ ನಿಂತರೆ ತಲೆ ತಿರುಗುತ್ತದೆ ಎನ್ನುವುದನ್ನು ನೀನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ.

ಕಣ್ಣು ಮುಚ್ಚಿ ಕೇಳಿದ,
ಅಮ್ಮ


ಫೆಬ್ರವರಿ ೨೪
ಕಿಟಕಿಯ ಪಕ್ಕ, ಸಂಜೆ

ಅಮ್ಮ,

ಮೊದಲು ನಿನ್ನ ಪ್ರಶ್ನೆಗಳು.

ತುಟಿ ನೋಡಿಕೊಂಡು ಮಾತಾಡಿದರೆ ದನಿ ಯಾವಾಗಲೂ ಒಂದು ಎಳೆ ಹಿಂದೆ ಬೀಳುತ್ತದೆ. ನಾನು ಕುತ್ತಿಗೆ ನೋಡುತ್ತೇನೆ. ಮಾತಿಗೆ ಮೊದಲು ಕುತ್ತಿಗೆಯ ಬುಡದಲ್ಲಿ ಒಂದು ಗುಳಿ ಬೀಳುತ್ತದೆ, ಉಸಿರು ಒಳಗೆ ಹೋಗುವಾಗ. ಅಲ್ಲೇ ನನ್ನ ಉಸಿರನ್ನೂ ತೆಗೆದುಕೊಂಡರೆ ತುಟಿ ತಾನಾಗಿ ಹೊಂದಿಕೊಳ್ಳುತ್ತದೆ. ಒಂದು ತಿಂಗಳು ಅವಳ ಉಸಿರಿನಲ್ಲಿ ಉಸಿರಾಡಿದ್ದೇನೆ. ಅವಳು ಸುಸ್ತಾದ ದಿನ ಯಾವುದು ಎಂದು ನನಗೆ ಗೊತ್ತು. ಹದಿನೇಳರ ಹಿಂದಿನ ನಿಲುಗಡೆ ಮಾತ್ರ ಅವಳದಲ್ಲ. ಅಲ್ಲಿ ಅವಳು ಕಪಾಟಿನ ಕಡೆ ತಿರುಗಿದ್ದಳು, ಕುತ್ತಿಗೆ ಕಾಣುತ್ತಿರಲಿಲ್ಲ. ನನ್ನದೇ ಬಂದುಬಿಟ್ಟಿದೆ.

ವಯಸ್ಸು ಎಲ್ಲಿಂದ ತಂದೆ ಎಂದು ಕೇಳಿದೆ. ಕಚೇರಿಯಿಂದ ಬಂದು ಚೀಲ ಇಳಿಸಿ, ಚಪ್ಪಲಿ ಬಿಡುವುದಕ್ಕೂ ಮೊದಲು "ಏನಾಯ್ತು ಹೇಳು" ಅನ್ನುತ್ತಿದ್ದೆಯಲ್ಲ, ಇಡೀ ದಿನ ಬೇರೆಯವರ ಮಾತು ಬರೆದು ಬಂದ ದನಿಯಲ್ಲಿ? ಅದು. "ಗುರುತು ಹೇಳಿ" ಎಂದದ್ದು ನೀನು. ಹಾಗಾಗಿ ನಿನಗೆ ಗುರುತು ಸಿಗದಿದ್ದದ್ದರಲ್ಲಿ ತಪ್ಪೇನಿಲ್ಲ. ಯಾರು ತಾನೇ ತಮ್ಮ ದನಿಯನ್ನು ಹೊರಗಿನಿಂದ ಕೇಳಿರುತ್ತಾರೆ?

ಇನ್ನೊಂದು ವಿಷಯ. ನೀನು ಆ ನಟಿಗೆ ಬರೆದ ಪತ್ರ ನನ್ನ ಹತ್ತಿರ ಇದೆ. ಇದು ನಿಮ್ಮದು ಎಂದು ಅವಳೇ ಕಳಿಸಿಕೊಟ್ಟಳು, ಬರೆದವರು ಯಾರೆಂದು ತಿಳಿಯದೆ. ಮೂರನೆಯ ಪುಟದಲ್ಲಿ ಹೀಗಿದೆ: "ನನಗೂ ಒಬ್ಬ ಮಗಳಿದ್ದಾಳೆ. ನಿಮ್ಮಂತೆ ಒಂದೊಂದು ಪದಕ್ಕೂ ಜಾಗ ಬಿಟ್ಟು ಮಾತಾಡಲು ಅವಳಿಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಅವಳದು ಬರೀ ಗಿಣಿಯ ಬಾಯಿ." ಇದನ್ನು ಕತ್ತರಿಸಿ ಕನ್ನಡಿಗೆ ಅಂಟಿಸಿದ್ದೇನೆ. ದಿನಾ ಹಲ್ಲುಜ್ಜುವಾಗ ನಗುತ್ತೇನೆ. ಸದ್ದಿಲ್ಲದೆ.

ಇವತ್ತು ಗಂಟಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಗಂಟಲಿನೊಳಗೆ ಕನ್ನಡಿ ಇಳಿಸಿ ನೋಡಿ, "ಸರಿ, ಇನ್ನು ಮೆಲ್ಲಗೆ ಮಾತಾಡಬಹುದು. ಎಲ್ಲಿ, ಒಂದರಿಂದ ಇಪ್ಪತ್ತರವರೆಗೆ ಎಣಿಸಿ," ಎಂದರು. ಎಣಿಸಿದೆ. ಹದಿನಾರಾದ ಮೇಲೆ ನಿಂತೆ.

"ನೋವಾಯ್ತಾ?"

"ಇಲ್ಲ ಡಾಕ್ಟರ್. ಅದು ಮೊದಲಿನಿಂದ ಇದೆ."

ಇವು ಇಷ್ಟು ದಿನದ ಮೇಲೆ ನಾನಾಡಿದ ಮೊದಲ ಮಾತುಗಳು. ಸ್ವಲ್ಪ ಗೊಗ್ಗರಾಗಿದೆ. ಅದು ಪೂರ್ತಿ ಹೋಗುವುದಿಲ್ಲವಂತೆ. ಟೂತ್‌ಪೇಸ್ಟಿನವರು ಇನ್ನು ಕರೆಯಲಾರರು. ಮಕ್ಕಳ ದನಿ ಬರುವುದಿಲ್ಲ.

ಬರುತ್ತ ದಾರಿಯಲ್ಲಿ ಯೋಚಿಸಿದೆ. ಆ ಹುಡುಗಿ ಅತ್ತ, ನಾನು ಇತ್ತ, ಇಬ್ಬರೂ ಸುಮ್ಮನಿದ್ದೇವೆ. ಗೆದ್ದರೆ ಮುಂದಿನ ಚಿತ್ರದಲ್ಲಿ ತನ್ನ ದನಿಯನ್ನೇ ಕೇಳಬಹುದು ಎಂದು ಅವಳು ಬರೆದಿದ್ದಾಳೆ. ಆದರೆ ಗೆದ್ದ ಮೇಲೆ ಎಲ್ಲರೂ ಕೇಳುವುದು ನನ್ನ ದನಿಯನ್ನು. ಅವಳು ಬಾಯಿ ತೆರೆದ ಕಡೆಯಲ್ಲೆಲ್ಲ ನಾನಿರಬೇಕಾಗುತ್ತದೆ. ಅವಳದು ಯಾವತ್ತೂ ಹೊರಗೆ ಬರುವುದಿಲ್ಲ. ಇದನ್ನು ಅವಳು ಯೋಚಿಸಿದ್ದಾಳೋ ಇಲ್ಲವೋ ಗೊತ್ತಿಲ್ಲ. ಇದೆಲ್ಲ ನನಗೆ ಬೇಕಾದ ಹಾಗೆ ನಾನು ಹೊಂದಿಸಿಕೊಂಡ ನ್ಯಾಯವೋ ಎಂಬ ಅನುಮಾನವೂ ಇದೆ. ಅದಕ್ಕೇ ಅವಳ ಮುಂದೆ ಕೂತು ಹೇಳಬೇಕು. ಸ್ಲೇಟಿನಲ್ಲಿ ಬರೆದು ಹೇಳುವಂಥದ್ದಲ್ಲ.

ಕಂಠದಾನದ ಅರ್ಜಿ ತುಂಬಿದ್ದೇನೆ. ಹೆಸರು, ಚಿತ್ರ, ಪಾತ್ರ. ಸ್ಟುಡಿಯೊದ ಒಪ್ಪಿಗೆ ಎಂಬಲ್ಲಿ "ಕೇಳಿಲ್ಲ" ಎಂದು ಬರೆದೆ. "ದನಿಯನ್ನು ಗುರುತಿಸಬಲ್ಲವರು ಯಾರಾದರೂ ಇದ್ದಾರೆಯೇ" ಎಂದು ಕೊನೆಯಲ್ಲಿ ಒಂದು ಸಾಲಿದೆ. ಲೆಕ್ಕದ ಮೇಡಂ ಹೆಸರು ಹಾಕಿದ್ದೇನೆ. ಅವರ ಪಟ್ಟಿ ಬಿಚ್ಚಿದ್ದಾರೆಯೇ? ಅದರ ಕೆಳಗೆ ಇನ್ನೂ ಒಂದು ಹೆಸರಿಗೆ ಜಾಗವಿತ್ತು. ನಿನ್ನದು ಹಾಕಿದೆ. ಎರಡನೆಯ ಸಾಕ್ಷಿ.

ಲಕೋಟೆ ಮೇಜಿನ ಮೇಲಿದೆ. ಇನ್ನೂ ಅಂಟಿಸಿಲ್ಲ. ನಾಳೆ ಬೆಳಿಗ್ಗೆ ಅವಳ ಮನೆಗೆ ಹೋಗುತ್ತೇನೆ. ಅವಳಿಗೆ ಬಂದ ಪತ್ರದ ಆ ಒಂದು ಸಾಲನ್ನು, ಕೈಯ ಬಗ್ಗೆ ನೀನು ಬರೆದದ್ದನ್ನು, ಅವಳಿಗೆ ಜೋರಾಗಿ ಓದಿ ಹೇಳುತ್ತೇನೆ. ಆಮೇಲೆ ಲಕೋಟೆಯನ್ನು ತೋರಿಸುತ್ತೇನೆ. ಅವಳು ಅತ್ತರೂ, ಬೈದರೂ, ಕಾಫಿ ಕೊಟ್ಟರೂ ಅಲ್ಲಿಂದ ನೇರ ಅಂಚೆ ಕಚೇರಿಗೆ.

ಚೀಟಿ ಬಿಚ್ಚಬೇಡ. ನಾನು ಇನ್ನೂ ಏನೂ ಮಾಡಿಲ್ಲ.

ಗಿಣಿ